ಸ್ಪ್ಯಾನಿಷ್‌ನಲ್ಲಿ ಅಪನಂಬಿಕೆಯ ಪದಗಳು: ಯಾವುದನ್ನು ಎಲ್ಲಿ ಬಳಸಬೇಕು

ಸ್ಪ್ಯಾನಿಷ್ ಕಲಿಯುವವರಿಗೆ ನಂಬಿಕೆಯ ಪದಗಳು ಅಷ್ಟಾಗಿ ತೊಡಕು ಕೊಡುವುದಿಲ್ಲ. ತೊಡಕು ಇರುವುದು ಅಪನಂಬಿಕೆಯ ಪದಗಳಲ್ಲಿ. ‘ದೆಸ್ಕೊನ್ಫಿಯಾನ್ಸಾ’, ‘ರೆಸೆಲೊ’, ‘ಸೊಸ್ಪೆಚಾ’, ‘ಸುಸ್ಪಿಕಾಸಿಯಾ’ ಎಂಬ ನಾಲ್ಕು ನಾಮಪದಗಳಿಗೂ ಸಂಶಯ, ಅನುಮಾನ, ಶಂಕೆ ಎಂಬ ಮೂರು ಅರ್ಥಗಳನ್ನೇ ಹಿಂದುಮುಂದು ಮಾಡಿ ಹೇಳಿದರೆ ಓದುವಾಗ ಹೇಗೋ ನಡೆದುಹೋಗುತ್ತದೆ, ಆದರೆ ಬರೆಯಲು ಕುಳಿತಾಗ ಯಾವುದನ್ನು ಆರಿಸಬೇಕೆಂದು ತಿಳಿಯುವುದಿಲ್ಲ. ಇವುಗಳಿಗೆ ಸಂಬಂಧಿಸಿದ ವಿಶೇಷಣಗಳಾದ ‘ದೆಸ್ಕೊನ್ಫಿಯಾದೊ’, ‘ರೆಸೆಲೊಸೊ’, ‘ಸೊಸ್ಪೆಚೊಸೊ’, ‘ಸುಸ್ಪಿಕಾಸ್’ ಇನ್ನೂ ಅಪಾಯಕಾರಿ, ಏಕೆಂದರೆ ಅಲ್ಲಿ ತಪ್ಪಿದರೆ ಅನುಮಾನಪಟ್ಟವನೇ ಕಳ್ಳನಾಗಿಬಿಡುತ್ತಾನೆ.

ಉಚ್ಚಾರಣೆಯ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಇಲ್ಲಿ ಪದಗಳನ್ನು ಲ್ಯಾಟಿನ್ ಅಮೆರಿಕದವರು ನುಡಿಯುವಂತೆ ಬರೆಯಲಾಗಿದೆ. ಸ್ಪೇನಿನ ಬಹುಭಾಗದಲ್ಲಿ ‘ರೆಸೆಲೊ’ದ ‘ಸೆ’, ‘ದೆಸ್ಕೊನ್ಫಿಯಾನ್ಸಾ’ದ ಕೊನೆಯ ‘ಸಾ’ ಮತ್ತು ‘ಸುಸ್ಪಿಕಾಸ್’ನ ಕೊನೆಯ ‘ಸ್’ ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಉಸಿರು ಬಿಟ್ಟಂತೆ ಕೇಳಿಸುತ್ತವೆ. ಅರ್ಥದಲ್ಲಿ ಇದರಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ.

ಅನುಮಾನ ಯಾರೊಳಗಿದೆ?

ಪದವನ್ನು ಆರಿಸುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಅನುಮಾನವಿರುವುದು ನೋಡುವವನ ಮನಸ್ಸಿನಲ್ಲೋ, ಅಥವಾ ಅನುಮಾನಕ್ಕೆ ಎಡೆಕೊಡುತ್ತಿರುವುದು ನೋಡಲ್ಪಡುವ ವ್ಯಕ್ತಿಯೋ? ಕನ್ನಡಕ್ಕೆ ಈ ಭೇದ ಹೊಸದೇನಲ್ಲ. ‘ಅನುಮಾನದ ಮನುಷ್ಯ’ ಎಂದರೆ ಎಲ್ಲರ ಮೇಲೂ ಅನುಮಾನಪಡುವವನು. ‘ಅನುಮಾನಾಸ್ಪದ ಮನುಷ್ಯ’ ಎಂದರೆ ಇತರರು ಅನುಮಾನಪಡುವಂತೆ ನಡೆದುಕೊಳ್ಳುವವನು. ‘ಆಸ್ಪದ’ ಎಂಬ ಒಂದು ಪದ ಸೇರಿದೊಡನೆ ಅನುಮಾನ ಒಬ್ಬನಿಂದ ಇನ್ನೊಬ್ಬನಿಗೆ ವರ್ಗವಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಈ ‘ಆಸ್ಪದ’ದ ಕೆಲಸವನ್ನು ಮಾಡುವುದು ‘ಸೊಸ್ಪೆಚೊಸೊ’. ಉಳಿದ ಮೂರು ವಿಶೇಷಣಗಳು, ಅಂದರೆ ‘ದೆಸ್ಕೊನ್ಫಿಯಾದೊ’, ‘ರೆಸೆಲೊಸೊ’ ಮತ್ತು ‘ಸುಸ್ಪಿಕಾಸ್’, ನೋಡುವವನ ಮನಸ್ಸಿಗೆ ಸೇರಿದವು.

ಹೀಗಾಗಿ ‘ಮಿ ಬೆಸಿನೊ ಎಸ್ ಸುಸ್ಪಿಕಾಸ್’ ಎಂದರೆ ನನ್ನ ನೆರೆಯವನು ಸಂಶಯ ಸ್ವಭಾವದವನು ಎಂದಾಗುತ್ತದೆ. ‘ಮಿ ಬೆಸಿನೊ ಎಸ್ ಸೊಸ್ಪೆಚೊಸೊ’ ಎಂದರೆ ನನ್ನ ನೆರೆಯವನ ಮೇಲೆ ಅನುಮಾನಪಡಲು ಕಾರಣವಿದೆ ಎಂದಾಗುತ್ತದೆ. ಮೊದಲನೆಯದು ಸ್ವಭಾವದ ಟೀಕೆ, ಎರಡನೆಯದು ಹೆಚ್ಚುಕಡಿಮೆ ಆರೋಪ. ಇಂಗ್ಲಿಷಿನ ‘ಸಸ್ಪಿಷಿಯಸ್’ ಎಂಬ ಒಂದೇ ಪದ ಈ ಎರಡೂ ಅರ್ಥಗಳನ್ನು ಹೊತ್ತುಕೊಂಡಿರುವುದರಿಂದ, ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿತವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ನನ್ನ ಸಲಹೆಯೆಂದರೆ, ಈ ಒಂದು ವಿಷಯದಲ್ಲಾದರೂ ಇಂಗ್ಲಿಷನ್ನು ಬದಿಗಿಟ್ಟು ನೇರವಾಗಿ ಕನ್ನಡದಿಂದ ಸ್ಪ್ಯಾನಿಷ್‌ಗೆ ಹೋಗಬೇಕು: ಕನ್ನಡ ವಾಕ್ಯದಲ್ಲಿ ‘ಆಸ್ಪದ’ ಸೇರಿಸಿದರೆ ಅರ್ಥ ಸರಿಹೋಗುತ್ತದೆಯಾದರೆ ‘ಸೊಸ್ಪೆಚೊಸೊ’ ಬಳಸಬಹುದು, ಇಲ್ಲವಾದರೆ ಬಳಸಬಾರದು.

ಕ್ರಿಯಾವಿಶೇಷಣದಲ್ಲಿಯೂ ಇದೇ ಪರೀಕ್ಷೆ ನಡೆಯುತ್ತದೆ. ‘ಅವನು ನನ್ನನ್ನು ಅನುಮಾನದಿಂದ ನೋಡಿದನು’ ಎಂಬುದಕ್ಕೆ ‘ಮೆ ಮಿರೊ ಕೊನ್ ರೆಸೆಲೊ’ ಅಥವಾ ‘ಕೊನ್ ದೆಸ್ಕೊನ್ಫಿಯಾನ್ಸಾ’ ಎನ್ನಬೇಕು. ‘ಸೊಸ್ಪೆಚೊಸಾಮೆಂತೆ’ ಎಂದುಬಿಟ್ಟರೆ ಅವನ ನೋಟವೇ ಅನುಮಾನಾಸ್ಪದವಾಗಿತ್ತು ಎಂಬ ಅರ್ಥ ಬರುತ್ತದೆ. ‘ಎಸ್ತಾಬಾ ಸೊಸ್ಪೆಚೊಸಾಮೆಂತೆ ಕಾಯಾದೊ’, ಅಂದರೆ ‘ಅವನು ಅನುಮಾನ ಬರುವಷ್ಟು ಮೌನವಾಗಿದ್ದನು’, ಎಂಬಂಥ ವಾಕ್ಯದಲ್ಲಿ ಆ ಪದ ತನ್ನ ಸರಿಯಾದ ಜಾಗದಲ್ಲಿರುತ್ತದೆ. ಮಕ್ಕಳಿರುವ ಕೋಣೆಯಿಂದ ಬಹಳ ಹೊತ್ತು ಸದ್ದೇ ಬಾರದಿದ್ದಾಗಿನ ಮೌನಕ್ಕೆ ಇದಕ್ಕಿಂತ ಒಪ್ಪುವ ಪದವಿಲ್ಲ.

‘ಸೊಸ್ಪೆಚೊಸೊ’ ವ್ಯಕ್ತಿಗಳಿಗೆ ಮಾತ್ರ ಸೀಮಿತವಲ್ಲ. ಪೊಟ್ಟಣ, ವಾಸನೆ, ಸಾವು, ಕಾಕತಾಳೀಯ ಘಟನೆ, ಎಲ್ಲಕ್ಕೂ ಅದನ್ನು ಅನ್ವಯಿಸಬಹುದು. ‘ಸುಸ್ಪಿಕಾಸ್’ ಮಾತ್ರ ಮನಸ್ಸುಳ್ಳ ಜೀವಿಗೆ, ಅಥವಾ ಆ ಮನಸ್ಸನ್ನು ತೋರಿಸುವ ನೋಟಕ್ಕೆ, ಪ್ರಶ್ನೆಗೆ ಸಲ್ಲುತ್ತದೆ. ‘ಸೊಸ್ಪೆಚೊಸೊ’ ನಾಮಪದವಾದಾಗ ಶಂಕಿತ ಆರೋಪಿ ಎಂದಾಗುತ್ತದೆ. ಆದರೆ ಸ್ಪೇನಿನ ನ್ಯಾಯಾಲಯದ ಕಾಗದಪತ್ರಗಳನ್ನು ಓದುವವರು ಆ ಪದವನ್ನು ಅಲ್ಲಿ ಹುಡುಕಬಾರದು. ಪತ್ರಿಕೆಗಳು ಮತ್ತು ಪೊಲೀಸರು ಅದನ್ನು ಬಳಸುತ್ತಾರೆ, ಕಾನೂನು ಮಾತ್ರ 2015ರ ತಿದ್ದುಪಡಿಯ ನಂತರ ತನಿಖೆಗೆ ಒಳಗಾದವನನ್ನು ‘ಇನ್ಬೆಸ್ತಿಗಾದೊ’ ಎಂದು ಕರೆಯುತ್ತದೆ, ಅದಕ್ಕೂ ಮೊದಲು ‘ಇಂಪುತಾದೊ’ ಎನ್ನುತ್ತಿತ್ತು. ವೈದ್ಯಕೀಯದಲ್ಲಿ ಇದೇ ಪದಕ್ಕೆ ಕಳಂಕವಿಲ್ಲ: ‘ಕಾಸೊ ಸೊಸ್ಪೆಚೊಸೊ’ ಎಂದರೆ ರೋಗ ಇರಬಹುದೆಂದು ಶಂಕಿಸಲಾದ, ಇನ್ನೂ ಖಚಿತವಾಗದ ಪ್ರಕರಣ. 2020ರಲ್ಲಿ ಸ್ಪ್ಯಾನಿಷ್ ಸುದ್ದಿಗಳನ್ನು ಓದಿದವರೆಲ್ಲರಿಗೂ ಇದು ಪರಿಚಿತ.

ಭೂತಕೃದಂತದ ವೇಷ

‘ದೆಸ್ಕೊನ್ಫಿಯಾದೊ’ ಪದದ ರೂಪವೇ ಮೋಸಮಾಡುತ್ತದೆ. ಭೂತಕೃದಂತದ, ಅಂದರೆ ‘ಮಾಡಿದ’, ‘ಕಳೆದ’ ಎಂಬಂಥ ರೂಪದ, ‘-ಆದೊ’ ಎಂಬ ಕೊನೆಯನ್ನು ಕಂಡೊಡನೆ ಕಲಿಕೆಯವರು ಅದನ್ನು ಕರ್ಮಣಿ ಎಂದು ಭಾವಿಸಿ, ‘ಯಾರ ಮೇಲೆ ನಂಬಿಕೆ ಹೋಗಿದೆಯೋ ಅವನು’ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಯಾರನ್ನೂ ಸುಲಭವಾಗಿ ನಂಬದವನನ್ನು ಸೂಚಿಸುತ್ತದೆ. ಸ್ಪ್ಯಾನಿಷ್‌ನಲ್ಲಿ ಹೀಗೆ ಕೃದಂತದ ರೂಪವಿದ್ದೂ ಕರ್ತೃವಿನ ಅರ್ಥ ಕೊಡುವ ವಿಶೇಷಣಗಳ ಒಂದು ಗುಂಪೇ ಇದೆ: ‘ಆಗ್ರಾದೆಸಿದೊ’ ಎಂದರೆ ಕೃತಜ್ಞ, ‘ಅತ್ರೆಬಿದೊ’ ಎಂದರೆ ಧೈರ್ಯ ತೋರುವವನು, ‘ಕಾಯಾದೊ’ ಎಂದರೆ ಮಾತು ಕಡಿಮೆ ಇರುವವನು. ‘ಕೊನ್ಫಿಯಾದೊ’ ಕೂಡ ಇದೇ ಗುಂಪಿನದು. ಅದು ನಂಬಿಕೆಗೆ ಪಾತ್ರನಾದವನಲ್ಲ, ನಂಬುವವನು, ಸಂದರ್ಭ ನೋಡಿಕೊಂಡು ತುಸು ಅತಿಯಾಗಿಯೇ ನಂಬುವವನು.

ಹಾಗಾದರೆ ನಂಬಲರ್ಹನಲ್ಲದವನನ್ನು ಏನೆನ್ನಬೇಕು? ಆಡುಮಾತಿನಲ್ಲಿ ‘ನೊ ಎಸ್ ದೆ ಫಿಯಾರ್’ ಎಂಬುದು ಅತ್ಯಂತ ಸಹಜವಾದ ಉತ್ತರ. ನಂಬಲರ್ಹ ಎಂಬುದಕ್ಕೆ ಸ್ಪೇನಿನಲ್ಲಿ ‘ಫಿಯಾಬ್ಲೆ’ ಹೆಚ್ಚು ಕೇಳಿಬರುತ್ತದೆ, ಲ್ಯಾಟಿನ್ ಅಮೆರಿಕದಲ್ಲಿ ‘ಕೊನ್ಫಿಯಾಬ್ಲೆ’. ಇವೆರಡಕ್ಕೂ ಮೊದಲು ‘ಪೊಕೊ’ ಸೇರಿಸಿದರೆ ಅಷ್ಟಾಗಿ ನಂಬುವಂತಿಲ್ಲ ಎಂದಾಗುತ್ತದೆ.

ಅನುಮಾನಕ್ಕೆ ಹೂರಣವಿದೆಯೇ?

ಎರಡನೆಯ ಪ್ರಶ್ನೆ ನಾಮಪದಗಳಿಗೆ ಸಂಬಂಧಿಸಿದ್ದು. ‘ಸೊಸ್ಪೆಚಾ’ ಒಂದು ವಿಚಾರ. ಅದರೊಳಗೆ ಹೇಳಬಹುದಾದ ಒಂದು ವಾಕ್ಯ ಅಡಗಿರುತ್ತದೆ. ‘ಬೀಗವನ್ನು ಒಳಗಿನವರೇ ತೆಗೆದಿದ್ದಾರೆ’ ಎಂಬುದು ಸೊಸ್ಪೆಚಾ. ಅದನ್ನು ದೃಢಪಡಿಸಬಹುದು, ತಳ್ಳಿಹಾಕಬಹುದು, ಅದಕ್ಕೆ ಆಧಾರವಿದೆಯೇ ಎಂದು ಕೇಳಬಹುದು. ಆದ್ದರಿಂದಲೇ ಸ್ಪ್ಯಾನಿಷ್‌ನಲ್ಲಿ ‘ಕೊನ್ಫಿರ್ಮಾರ್ ಉನಾ ಸೊಸ್ಪೆಚಾ’ ಎಂದೂ ‘ಸೊಸ್ಪೆಚಾಸ್ ಫುಂದಾದಾಸ್’ ಎಂದೂ ಹೇಳುತ್ತಾರೆ. ‘ದೆಸ್ಕೊನ್ಫಿಯಾನ್ಸಾ’ ಹಾಗಲ್ಲ. ಅದು ನಂಬಿಕೆ ಇಲ್ಲದಿರುವ ಸ್ಥಿತಿ, ಅಷ್ಟೇ; ‘ದೆಸ್’ ಎಂಬ ಉಪಸರ್ಗ ‘ಕೊನ್ಫಿಯಾನ್ಸಾ’ವನ್ನು, ಅಂದರೆ ನಂಬಿಕೆಯನ್ನು, ಕಳೆದುಹಾಕುತ್ತದೆ. ಒಬ್ಬನ ಬಗ್ಗೆ ಯಾವ ನಿರ್ದಿಷ್ಟ ಗುಮಾನಿ ಇಲ್ಲದೆಯೂ ಅವನಲ್ಲಿ ನಂಬಿಕೆ ಇಲ್ಲದಿರಬಹುದು, ಆ ಸ್ಥಿತಿ ಬೆಳೆಯಬಹುದು, ಕರಗಬಹುದು, ಎರಡೂ ಕಡೆಯವರಲ್ಲಿ ಇರಬಹುದು. ‘ದೆಸ್ಕೊನ್ಫಿಯಾನ್ಸಾ ಮುತುವಾ’ ಎಂಬುದು ಬಹಳ ರೂಢಿಯಲ್ಲಿರುವ ಜೋಡಿ. ಆದರೆ ಅದನ್ನು ಸುಳ್ಳೆಂದು ಸಾಬೀತುಪಡಿಸಲು ಬರುವುದಿಲ್ಲ. ಕನ್ನಡದಲ್ಲಿ ‘ಸೊಸ್ಪೆಚಾ’ಕ್ಕೆ ಗುಮಾನಿ, ‘ದೆಸ್ಕೊನ್ಫಿಯಾನ್ಸಾ’ಕ್ಕೆ ಅಪನಂಬಿಕೆ ಎಂದು ಗಟ್ಟಿಯಾಗಿ ಹಿಡಿದುಕೊಂಡರೆ ಅರ್ಧ ದಾರಿ ಸವೆದಂತೆ.

ಅಪನಂಬಿಕೆಗೆ ಇನ್ನೊಂದು ಹೆಸರಾದ ಅವಿಶ್ವಾಸ ಎಂಬ ಪದದಿಂದ ಒಂದು ಎಡವಟ್ಟು ಆಗುವ ಸಾಧ್ಯತೆ ಇದೆ. ‘ಅವಿಶ್ವಾಸ ನಿರ್ಣಯ’ವನ್ನು ಸ್ಪೇನಿನ ರಾಜಕೀಯದ ಸಂದರ್ಭದಲ್ಲಿ ‘ದೆಸ್ಕೊನ್ಫಿಯಾನ್ಸಾ’ ಬಳಸಿ ಅನುವಾದಿಸಬಾರದು. 1978ರ ಸಂವಿಧಾನದ 113ನೆಯ ವಿಧಿಯಲ್ಲಿ ಅದರ ಹೆಸರು ‘ಮೊಸಿಯೊನ್ ದೆ ಸೆನ್ಸುರಾ’, ಅಂದರೆ ಖಂಡನಾ ನಿರ್ಣಯ. 2018ರ ಜೂನ್ 1ರಂದು ಮರಿಯಾನೊ ರಾಹೋಯ್ ಅವರ ಸರ್ಕಾರವನ್ನು ಇಳಿಸಿ ಪೆದ್ರೊ ಸಾಂಚೆಸ್ ಅವರನ್ನು ಅಧಿಕಾರಕ್ಕೆ ತಂದದ್ದು ಇಂಥದೇ ನಿರ್ಣಯ. ಸರ್ಕಾರ ತಾನಾಗಿಯೇ ವಿಶ್ವಾಸ ಕೋರುವ ಕ್ರಮಕ್ಕೆ ಮಾತ್ರ ‘ಕೊನ್ಫಿಯಾನ್ಸಾ’ ಬರುತ್ತದೆ: 112ನೆಯ ವಿಧಿಯ ‘ಕ್ವೆಸ್ತಿಯೊನ್ ದೆ ಕೊನ್ಫಿಯಾನ್ಸಾ’.

‘ರೆಸೆಲೊ’ ಈ ಎರಡಕ್ಕೂ ನಡುವೆ ನಿಲ್ಲುತ್ತದೆ ಎಂದು ಹೇಳುವುದು ಸುಲಭ, ಆದರೆ ಅದು ಸರಿಯಲ್ಲ. ಅದರಲ್ಲಿ ಇವೆರಡರಲ್ಲೂ ಇಲ್ಲದ ಭಯದ ಅಂಶವೊಂದಿದೆ. ಕನ್ನಡದ ‘ಅಳುಕು’ ಇದಕ್ಕೆ ಬಹಳ ಹತ್ತಿರದ್ದು. ಹೊಸಬನೊಬ್ಬ ಒಳಬಂದಾಗ ಮಾತು ನಿಲ್ಲಿಸಿ ಅರೆಗಣ್ಣಿನಲ್ಲಿ ನೋಡುವುದು, ಕೊಟ್ಟ ತಿಂಡಿಯನ್ನು ತೆಗೆದುಕೊಳ್ಳಲು ನಾಯಿಯೊಂದು ಹಿಂಜರಿಯುವುದು, ಗಡಿಯಾಚೆಯ ದೇಶ ಸೈನ್ಯ ಕೂಡಿಸುವುದನ್ನು ನೆರೆಯ ರಾಷ್ಟ್ರ ಗಮನಿಸುವುದು, ಇವೆಲ್ಲವೂ ರೆಸೆಲೊ. ಹಾನಿ ಬಂದೀತೆಂಬ ಭಾವನೆಯಿಂದ ಮೈ ತುಸು ಹಿಂದಕ್ಕೆ ಸರಿಯುವುದು ಅದರ ಲಕ್ಷಣ. ಬಹುವಚನದಲ್ಲಿ ‘ರೆಸೆಲೊಸ್’ ಎಂದು ಬಂದಾಗ ಅದು ಆಕ್ಷೇಪ, ಆತಂಕಗಳ ಕಡೆಗೆ ವಾಲುತ್ತದೆ: ಹೊಸ ಕಾನೂನೊಂದು ವ್ಯಾಪಾರಿಗಳಲ್ಲಿ ‘ರೆಸೆಲೊಸ್’ ಎಬ್ಬಿಸಿತು ಎಂದು ಪತ್ರಿಕೆ ಬರೆದರೆ, ವ್ಯಾಪಾರಿಗಳು ಯಾರನ್ನೂ ಅಪರಾಧಿಯೆಂದು ಶಂಕಿಸುತ್ತಿಲ್ಲ, ಮುಂದೇನಾದೀತೋ ಎಂದು ಅಳುಕುತ್ತಿದ್ದಾರೆ. ಈ ನಾಲ್ಕರಲ್ಲಿ ಪುಲ್ಲಿಂಗದ ನಾಮಪದ ಇದೊಂದೇ ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು: ‘ಎಲ್ ರೆಸೆಲೊ’, ಆದರೆ ‘ಲಾ ಸೊಸ್ಪೆಚಾ’. ನೋಡಲು ಹೋಲುವ ‘ಸೆಲೊಸೊ’ ಮಾತ್ರ ಬೇರೆಯೇ ಪದ. ಅದಕ್ಕೆ ಮತ್ಸರವುಳ್ಳವನು, ಪ್ರೇಮದಲ್ಲಿ ಹೊಟ್ಟೆಕಿಚ್ಚುಪಡುವವನು ಎಂದರ್ಥ, ಒಂದು ಅಕ್ಷರದ ಮರೆವಿನಿಂದ ಸಂಸಾರದಲ್ಲಿ ಹುಳಿ ಹಿಂಡಿದಂತಾಗಬಹುದು.

‘ಸುಸ್ಪಿಕಾಸಿಯಾ’ ನಾಲ್ಕರಲ್ಲಿ ಹೆಚ್ಚು ಬುದ್ಧಿಯನ್ನು ಬಳಸುವ ಪದ, ಮತ್ತು ಹೆಚ್ಚು ನಿಂದೆಯ ಛಾಯೆಯುಳ್ಳದ್ದೂ ಹೌದು. ಸಾದಾ ಮಾತಿನ ಹಿಂದೆ ಕೊಂಕು ಹುಡುಕುವುದು, ಶುಭಾಶಯದಲ್ಲಿಯೂ ಚುಚ್ಚುಮಾತು ಕಾಣುವುದು ಅದರ ಕೆಲಸ. ಆದ್ದರಿಂದ ನಾಯಿಯನ್ನು ‘ರೆಸೆಲೊಸೊ’ ಅಥವಾ ‘ದೆಸ್ಕೊನ್ಫಿಯಾದೊ’ ಎನ್ನುವುದು ಸಹಜ, ‘ಸುಸ್ಪಿಕಾಸ್’ ಎನ್ನುವುದು ವಿರಳ. ಒಳಾರ್ಥ ಹುಡುಕುವ ಚಾಳಿ ನಾಯಿಗಿಲ್ಲ. ‘ನೊ ಸೆಆಸ್ ತಾನ್ ಸುಸ್ಪಿಕಾಸ್’ ಎಂಬ ವಾಕ್ಯ ‘ಅಷ್ಟೊಂದು ಸಂಶಯಪಡಬೇಡ, ನಾನು ಹಾಗೆ ಹೇಳಲಿಲ್ಲ’ ಎಂಬ ಸಮಜಾಯಿಷಿಯ ಜೊತೆಯಲ್ಲಿಯೇ ಸಾಮಾನ್ಯವಾಗಿ ಬರುತ್ತದೆ. ಈ ವಿಶೇಷಣಕ್ಕೆ ಲಿಂಗಭೇದವಿಲ್ಲ, ಬಹುವಚನದಲ್ಲಿ ‘ಸುಸ್ಪಿಕಾಸೆಸ್’ ಆಗುತ್ತದೆ. ಇದಕ್ಕಿಂತ ಒರಟಾದ ಆಡುನುಡಿ ‘ಮಾಲ್‌ಪೆನ್ಸಾದೊ’, ಎಲ್ಲರಲ್ಲಿಯೂ ಕೆಟ್ಟದ್ದನ್ನೇ ಎಣಿಸುವವನು. ಅವನ ಪರವಾಗಿಯೂ ಸ್ಪ್ಯಾನಿಷ್‌ನಲ್ಲಿ ಒಂದು ಗಾದೆಯಿದೆ, ‘ಪಿಯೆನ್ಸಾ ಮಾಲ್ ಇ ಅಸೆರ್ತಾರಾಸ್’, ಅಂದರೆ ಕೆಟ್ಟದ್ದನ್ನೇ ಎಣಿಸು, ಸರಿಯಾಗಿಯೇ ಊಹಿಸಿರುತ್ತೀಯೆ.

ಒಂದೇ ಅನುಮಾನ, ಎರಡು ದಿಕ್ಕು

ಕನ್ನಡದಿಂದ ಹೋಗುವುದು ಒಳ್ಳೆಯದು ಎಂದು ಮೇಲೆ ಹೇಳಿದ್ದರೂ, ಕನ್ನಡವೇ ದಾರಿ ತಪ್ಪಿಸುವ ಒಂದು ಜಾಗವಿದೆ. ‘ಅವನು ಬರುವುದು ಅನುಮಾನ’ ಎಂದರೆ ಬರಲಿಕ್ಕಿಲ್ಲ ಎಂದು ಅರ್ಥ. ‘ಅವನು ಬರುತ್ತಾನೆಂದು ನನಗೆ ಅನುಮಾನ’ ಎಂದರೆ ಬರಬಹುದು ಎಂದು ಅರ್ಥ. ಪದ ಒಂದೇ, ನಿರೀಕ್ಷೆ ಮಾತ್ರ ತಿರುಗುಮುರುಗು. ಸ್ಪ್ಯಾನಿಷ್ ಈ ಎರಡನ್ನೂ ಬೇರೆ ಬೇರೆ ಕ್ರಿಯಾಪದಗಳಿಗೆ ಹಂಚಿಕೊಟ್ಟಿದೆ: ಮೊದಲನೆಯದು ‘ದುದೊ ಕೆ ಬೆಂಗಾ’, ಎರಡನೆಯದು ‘ಸೊಸ್ಪೆಚೊ ಕೆ ಬಿಯೆನೆ’. ಕ್ರಿಯಾಪದದ ರೂಪವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ‘ದುದಾರ್’ ನಂತರ, ನಡೆಯಲಾರದೆಂದು ಭಾವಿಸಿದ್ದನ್ನು ಹೇಳುವುದರಿಂದ, ಸಂಭಾವನಾರ್ಥದ ‘ಬೆಂಗಾ’ ಬರುತ್ತದೆ. ‘ಸೊಸ್ಪೆಚಾರ್’ ನಂತರ, ಊಹಿಸಿದ್ದನ್ನು ಹೆಚ್ಚುಕಡಿಮೆ ನಿಜವೆಂದು ಹೇಳುವುದರಿಂದ, ನಿಶ್ಚಯಾರ್ಥದ ‘ಬಿಯೆನೆ’ ಬರುತ್ತದೆ. ತರ್ಕಶಾಸ್ತ್ರದಲ್ಲಿ ಅನುಮಾನ ಎಂದರೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಪ್ರಮಾಣ ಎಂಬುದನ್ನು ನೆನೆದರೆ ‘ಸೊಸ್ಪೆಚಾ’ ಆ ಹಳೆಯ ಅರ್ಥಕ್ಕೆ ಸಮೀಪದ್ದು, ‘ದುದಾ’ ನಮ್ಮ ಇಂದಿನ ಸಂದೇಹಕ್ಕೆ ಸಮೀಪದ್ದು ಎಂದು ತಿಳಿಯುತ್ತದೆ.

‘ದುದೊಸೊ’ ಎಂಬ ವಿಶೇಷಣ ಮಾತ್ರ ನಾವು ಹಾಕಿಕೊಂಡ ಮೊದಲ ನಿಯಮವನ್ನು ಮುರಿಯುತ್ತದೆ. ಅದು ಎರಡೂ ಕಡೆ ಸಲ್ಲುತ್ತದೆ: ‘ಎಸ್ತಾ ದುದೊಸೊ’ ಎಂದರೆ ಅವನು ಸಂದೇಹದಲ್ಲಿದ್ದಾನೆ, ನಿರ್ಧರಿಸಲಾಗದೆ ಇದ್ದಾನೆ, ‘ದೆ ದುದೊಸಾ ರೆಪುತಾಸಿಯೊನ್’ ಎಂದರೆ ಹೆಸರು ಅಷ್ಟು ಚೆನ್ನಾಗಿಲ್ಲದ. ‘ಇನ್‌ಕ್ರೆದುಲೊ’ ಮತ್ತು ‘ಇನ್‌ಕ್ರೆಇಬ್ಲೆ’ ಜೋಡಿ ನಿಯಮಕ್ಕೆ ಒಳಪಟ್ಟಿದೆ, ಮೊದಲನೆಯದು ನಂಬದವನು, ಎರಡನೆಯದು ನಂಬಲಸಾಧ್ಯವಾದದ್ದು. ‘ಎಸೆಪ್ತಿಕೊ’, ಅಂದರೆ ಸುಲಭವಾಗಿ ಒಪ್ಪದವನು, ಎಂಬ ಪದ ವ್ಯಕ್ತಿಯ ಪ್ರಾಮಾಣಿಕತೆಗಿಂತ ಹೆಚ್ಚಾಗಿ ಅವನ ಹೇಳಿಕೆಯ ಸತ್ಯಾಸತ್ಯತೆಗೆ ಸಂಬಂಧಿಸಿದ್ದು. ವೈದ್ಯನನ್ನು ಪೂರ್ಣವಾಗಿ ನಂಬಿಯೂ ಹೊಸ ಔಷಧಿಯ ಬಗ್ಗೆ ‘ಎಸೆಪ್ತಿಕೊ’ ಆಗಿರಬಹುದು. ‘ಇನ್ಸೊಸ್ಪೆಚಾದೊ’ ಎಂಬುದರಲ್ಲಿ ಅಪನಂಬಿಕೆಯೇ ಉಳಿದಿಲ್ಲ. ಯಾರೂ ಊಹಿಸದಿದ್ದ ಪ್ರತಿಭೆ, ನಿರೀಕ್ಷಿಸದ ಪರಿಣಾಮ, ಇಂಥವಕ್ಕೆ ಅದು ಸಲ್ಲುತ್ತದೆ.

ಜೊತೆಗೆ ಬರುವ ಸಣ್ಣ ಪದಗಳು

‘ಕೊನ್ಫಿಯಾರ್’ ಎಂಬ ನಂಬುವ ಕ್ರಿಯೆಗೆ ‘ಎನ್’ ಬೇಕು, ‘ದೆಸ್ಕೊನ್ಫಿಯಾರ್’ ಎಂಬ ನಂಬದಿರುವ ಕ್ರಿಯೆಗೆ ‘ದೆ’ ಬೇಕು. ಇದು ತಪ್ಪುವವರು ಬಹಳ. ‘ಫಿಯಾರ್ಸೆ’ಗೂ ‘ದೆ’ ಬರುತ್ತದೆ. ಯಾರನ್ನೂ ನಂಬದವನು ‘ನೊ ಮೆ ಫಿಯೊ ನಿ ದೆ ಮಿ ಸೊಂಬ್ರಾ’, ನನ್ನ ನೆರಳನ್ನೂ ನಂಬುವುದಿಲ್ಲ, ಎನ್ನುತ್ತಾನೆ. ‘ಸೊಸ್ಪೆಚಾರ್’ಗೆ ವ್ಯಕ್ತಿ ಬಂದಾಗ ‘ದೆ’ ಬೇಕು, ವಿಷಯ ಬಂದಾಗ ಬೇಡ. ನಾಮಪದವಾದ ‘ದೆಸ್ಕೊನ್ಫಿಯಾನ್ಸಾ’ ಮಾತ್ರ ಉದಾರಿ. ಸಂಸ್ಥೆಗಳ ಬಗ್ಗೆ ಹೇಳುವಾಗ ‘ಎನ್’, ವ್ಯಕ್ತಿಗಳ ಕಡೆಗೆ ‘ಆಸಿಯಾ’ ಎಂದು ಎರಡನ್ನೂ ಸಹಿಸಿಕೊಳ್ಳುತ್ತದೆ.

‘ಇರು’ ಎಂಬ ಅರ್ಥದ ಎರಡು ಕ್ರಿಯಾಪದಗಳಾದ ‘ಸೆರ್’ ಮತ್ತು ‘ಎಸ್ತಾರ್’ ನಡುವಿನ ಆಯ್ಕೆಯೂ ಅರ್ಥವನ್ನು ತಿದ್ದುತ್ತದೆ. ‘ಎಸ್ ದೆಸ್ಕೊನ್ಫಿಯಾದೊ’ ಸ್ವಭಾವವನ್ನು ಹೇಳಿದರೆ, ‘ಎಸ್ತಾ ರೆಸೆಲೊಸೊ’ ಈ ಹೊತ್ತಿನ ಅಳುಕನ್ನು ಹೇಳುತ್ತದೆ. ಮೋಸಹೋದ ಮೇಲೆ ಒಬ್ಬನ ಸ್ವಭಾವವೇ ಬದಲಾಯಿತು ಎನ್ನಲು ‘ಸೆ ಬೊಲ್ಬಿಯೊ ದೆಸ್ಕೊನ್ಫಿಯಾದೊ’ ಎನ್ನಬೇಕು. ‘ಲೆಬಾಂತಾರ್’, ಅಂದರೆ ಎಬ್ಬಿಸು, ಎಂಬ ಕ್ರಿಯಾಪದ ‘ಸೊಸ್ಪೆಚಾಸ್’, ‘ಸುಸ್ಪಿಕಾಸಿಯಾಸ್’ ಮತ್ತು ‘ರೆಸೆಲೊಸ್’ ಎಂಬ ಬಹುವಚನಗಳೊಡನೆ ಚೆನ್ನಾಗಿ ಹೊಂದುತ್ತದೆ. ‘ದೆಸ್ಕೊನ್ಫಿಯಾನ್ಸಾ’ವನ್ನು ಏಕವಚನದಲ್ಲಿಟ್ಟು ‘ಇನ್ಸ್‌ಪಿರಾರ್’ ಅಥವಾ ‘ಹೆನೆರಾರ್’ ಜೊತೆ ಬಳಸುವುದು ವಾಡಿಕೆ.

ಇವನ್ನೆಲ್ಲ ಕೈಗೆ ಹತ್ತಿಸಿಕೊಳ್ಳಲು ಒಂದೇ ಸನ್ನಿವೇಶವನ್ನು ಎಳೆದುಕೊಂಡು ಹೋಗುವುದು ಪದಪಟ್ಟಿಯನ್ನು ಉರುಹೊಡೆಯುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಕಚೇರಿಯೊಂದಕ್ಕೆ ಹೊಸ ಲೆಕ್ಕಿಗನು ಬರುತ್ತಾನೆ ಎಂದುಕೊಳ್ಳೋಣ. ಮೊದಲ ದಿನ ಹಳಬರು ಅವನನ್ನು ‘ಕೊನ್ ರೆಸೆಲೊ’ ನೋಡುತ್ತಾರೆ. ಅವರಲ್ಲೊಬ್ಬಳು ಹುಟ್ಟಾ ‘ದೆಸ್ಕೊನ್ಫಿಯಾದಾ’. ಅವಳು ತನ್ನ ಮೇಜಿನ ಖಾನೆಗೆ ಬೀಗ ಹಾಕಿಯೇ ಏಳುತ್ತಾಳೆ. ಮರುವಾರ ನಗದಿನಲ್ಲಿ ಕೊರತೆ ಕಂಡಾಗ ಅಳುಕು ‘ಸೊಸ್ಪೆಚಾ’ ಆಗುತ್ತದೆ, ಏಕೆಂದರೆ ಈಗ ಹೇಳಲು ಒಂದು ವಾಕ್ಯವಿದೆ: ಹಣ ತೆಗೆದವನು ಅವನೇ. ಅವನು ಆ ದಿನ ಬೇಗ ಹೊರಟದ್ದು ‘ಸೊಸ್ಪೆಚೊಸೊ’ ಎನ್ನಿಸುತ್ತದೆ. ಮಹಿಳಾ ಮೇಲಧಿಕಾರಿಗೆ ಹಳೆಯ ಲೆಕ್ಕಗಳನ್ನೂ ಬಲ್ಲ ಅನುಭವವಿರುವುದರಿಂದ ಅವರು ‘ಎಸೆಪ್ತಿಕಾ’ ಆಗಿಯೇ ಉಳಿದು, ದಾಖಲೆ ತೋರಿಸಿ ಎನ್ನುತ್ತಾರೆ. ಕೊನೆಗೆ ಕೂಡಿಸುವಾಗಲೇ ತಪ್ಪಾಗಿತ್ತೆಂದು ತಿಳಿದು ‘ಸೊಸ್ಪೆಚಾ’ ಬಿದ್ದುಹೋಗುತ್ತದೆ. ಆದರೆ ಅಂದಿನಿಂದ ಯಾರಾದರೂ ‘ಲೆಕ್ಕ ಸರಿಯಾಯಿತೇ?’ ಎಂದು ಸಹಜವಾಗಿ ಕೇಳಿದರೂ ಲೆಕ್ಕಿಗನು ಅದರಲ್ಲಿ ಚುಚ್ಚುಮಾತು ಕಾಣತೊಡಗುತ್ತಾನೆ, ಅಂದರೆ ಈಗ ‘ಸುಸ್ಪಿಕಾಸ್’ ಆಗಿರುವವನು ಅವನು.